ಹುಸಿ ಹೂ ಕಿತ್ತ ಕೈ

ಕುಂಬಳದ ಬಳ್ಳಿಯಲ್ಲಿ ಎರಡು ಬಗೆಯ ಹೂ ಬಿಡುತ್ತವೆ. ಒಂದರ ಕೆಳಗೆ ಗೋಲಿ ಗಾತ್ರದ ಹೀಚು ಮೊಗ್ಗಿನಲ್ಲೇ ಕೂತಿರುತ್ತದೆ. ಇನ್ನೊಂದು ಉದ್ದನೆಯ ಬರಿ ತೊಟ್ಟಿನ ಮೇಲೆ ನಿಂತಿರುತ್ತದೆ, ಅದರ ಕೆಳಗೆ ಏನೂ ಇರುವುದಿಲ್ಲ. ಮೊದಲನೆಯದನ್ನು ನಮ್ಮ ಮನೆಯಲ್ಲಿ ಕಾಯಿ ಹೂ ಅನ್ನುತ್ತಿದ್ದರು, ಎರಡನೆಯದನ್ನು ಹುಸಿ ಹೂ. ಅಜ್ಜಿಯ ಬಾಯಲ್ಲಿ ಅದು ‘ಉಸಿ ಊವು’. ಬಳ್ಳಿ ಹಬ್ಬತೊಡಗಿದ ಮೇಲೆ ಮೊದಲ ಹತ್ತು ಹದಿನೈದು ದಿನ ಬರುವುದೆಲ್ಲ ಹುಸಿ ಹೂವೇ. ಅಂಗೈಯಗಲ ಅರಳಿ, ಇಡೀ ತಿಪ್ಪೆಯನ್ನು ಹಳದಿ ಮಾಡಿ, ಬಿಸಿಲೇರುವಷ್ಟರಲ್ಲಿ ಮುದುಡಿಕೊಂಡು ಮಾರನೇ ದಿನ ಉದುರಿಹೋಗುತ್ತವೆ. ಕಾಯಿ ಕೊಡದೆ ಬರಿದೇ ಮೆರೆದು ಹೋಗುವ ಹೂವಿಗೆ ಆ ಹೆಸರು ಸರಿಯಾಗೇ ಇದೆ ಎಂದು ಒಂಬತ್ತು ವರ್ಷದ ಹುಡುಗಿ ನಾನು ನಂಬಿದ್ದೆ. ನಾನೇನು, ನಮ್ಮ ಮನೆಯಲ್ಲಿ ಅಷ್ಟೂ ಜನ ನಂಬಿದ್ದರು. ಆ ಒಂದು ಹೆಸರಿನಿಂದಾಗಿ ನಾನು ನನ್ನ ಕೈಗೇ ಹೆದರಿಕೊಂಡು ಮೂರು ವಾರ ಬದುಕಿದೆ. ಈಗ ನಲವತ್ತು ದಾಟಿದೆ. ಇವತ್ತಿಗೂ ಯಾವುದಕ್ಕಾದರೂ ‘ಕೆಲಸಕ್ಕೆ ಬಾರದ್ದು’ ಎಂದು ಯಾರಾದರೂ ಅಂದರೆ ನನ್ನ ಕಿವಿ ನೆಟ್ಟಗಾಗುತ್ತದೆ.

ಹುಲ್ಲಹಳ್ಳಿಯ ಸಂತೆಮಾಳ ದಾಟಿ ನಾಲೆಯ ಏರಿಯ ಮೇಲೆ ಒಂದಷ್ಟು ದೂರ ನಡೆದರೆ ಸಿಗುತ್ತಿದ್ದ ಒಂಟಿ ಮನೆ ನಮ್ಮದು. ಸುತ್ತ ಭತ್ತದ ಗದ್ದೆ, ಆಚೆಗೆ ಕಬ್ಬು, ಕೂಗಿದರೆ ಕೇಳುವಷ್ಟು ಹತ್ತಿರದಲ್ಲಿ ಇನ್ನೊಂದು ಮನೆಯಿಲ್ಲ. ಬೀದಿ ಬಾಗಿಲು ದಾಟಿದರೆ ನಡುಮನೆ, ಅದರ ಎಡಕ್ಕೆ ಕಿಟಕಿಯಿಲ್ಲದ ಕೋಣೆ, ಆಮೇಲೆ ಹೊಗೆ ಹಿಡಿದ ಅಡಿಗೆಮನೆ, ಹಿತ್ತಿಲು, ಕೊಟ್ಟಿಗೆ, ಕೊಟ್ಟಿಗೆಯ ಮಗ್ಗುಲಿಗೆ ತಿಪ್ಪೆ. ಆ ಕಿಟಕಿಯಿಲ್ಲದ ಕೋಣೆಯಲ್ಲಿ ಭತ್ತದ ಮೂಟೆ ಇರುತ್ತಿದ್ದವು. ಮನೆಯ ಹೆಣ್ಣುಮಕ್ಕಳು ಹೆರಿಗೆಗೆ ಬಂದಾಗ ಮೂಟೆಗಳನ್ನು ನಡುಮನೆಗೆ ದಬ್ಬಿ ಅದನ್ನೇ ಬಾಣಂತಿ ಕೋಣೆ ಮಾಡುತ್ತಿದ್ದರು. ತಿಪ್ಪೆಯ ಅಂಚಿನಲ್ಲಿ ಪ್ರತಿ ವರ್ಷ ಅವ್ವ ನಾಲ್ಕು ಕುಂಬಳದ ಬೀಜ ಊರುತ್ತಿದ್ದಳು. ಬಳ್ಳಿ ತಿಪ್ಪೆಯನ್ನೆಲ್ಲ ಮುಚ್ಚಿ, ಗೋಡೆ ಹತ್ತಿ, ಕೊಟ್ಟಿಗೆಯ ಹೆಂಚಿನ ಮೇಲೆ ಹರಡಿಕೊಳ್ಳುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಹೆಂಚಿನ ಮೇಲೆ ಏಳೆಂಟು ಕಾಯಿ ಕೂತಿರುತ್ತಿದ್ದವು. ಅಪ್ಪ ಏಣಿ ಹಾಕಿ ಇಳಿಸುತ್ತಿದ್ದ. ಅದರ ಹುಳಿ, ಪಲ್ಯ, ಕಡುಬು ತಿಂದು ತಿಂದು ಶಿವರಾತ್ರಿಯ ಹೊತ್ತಿಗೆ ಕುಂಬಳದ ಹೆಸರೆತ್ತಿದರೆ ನಾನು ಊಟ ಬಿಟ್ಟು ಏಳುತ್ತಿದ್ದೆ.

ಧನುರ್ಮಾಸ ಬಂತೆಂದರೆ ನಮ್ಮ ಮನೆಯಲ್ಲಿ ಕೋಳಿಗಿಂತ ಮೊದಲು ಅಜ್ಜಿ ಏಳುತ್ತಿದ್ದಳು. ಅಂಗಳ ಸಾರಿಸಿ ರಂಗೋಲಿ ಬಿಟ್ಟು, ಹಸಿ ಸಗಣಿಯನ್ನು ನಿಂಬೆಗಾತ್ರದ ಉಂಡೆ ಕಟ್ಟಿ, ಅದರ ನೆತ್ತಿಗೆ ಗರಿಕೆ ಚುಚ್ಚಿ, ಒಂದು ಕುಂಬಳದ ಹೂ ಮುಡಿಸಿದರೆ ಅದೇ ಬೆನಕಪ್ಪ. ಬೀದಿ ಬಾಗಿಲಿಗೆ ಒಬ್ಬ, ನಡುಮನೆಗೆ ಒಬ್ಬ, ಅಡಿಗೆಮನೆ, ಹಿತ್ತಿಲು, ಕೊಟ್ಟಿಗೆ, ತುಳಸಿಕಟ್ಟೆ, ಕೊನೆಗೆ ತಿಪ್ಪೆಗೂ ಒಬ್ಬ. ಏಳು ಬೆನಕಪ್ಪರಿಗೆ ದಿನಕ್ಕೆ ಏಳು ಹೂ, ಅದೂ ಸೂರ್ಯ ಹುಟ್ಟುವ ಮೊದಲು. ಹೂ ಕೀಳುವುದು ಅಜ್ಜಿಯದೇ ಕೆಲಸವಾಗಿತ್ತು. ಆ ವರ್ಷ ಧನುರ್ಮಾಸಕ್ಕೆ ಮುಂಚೆಯೇ, ಬಳ್ಳಿಯಲ್ಲಿ ಮೊದಲ ಹೂ ಬಿಡುವ ಹೊತ್ತಿಗೆ, ಅಜ್ಜಿಯ ಮಂಡಿ ಪೂರಾ ಹಿಡಿದುಹೋಗಿ, ಬುಟ್ಟಿ ನನ್ನ ಕೈಗೆ ಬಂತು. ನನಗಾದ ಹೆಮ್ಮೆ ಅಷ್ಟಿಷ್ಟಲ್ಲ. ಅಜ್ಜಿ ಜಗಲಿಯ ಮೇಲೆ ಕೂತು ಪಾಠ ಹೇಳಿಕೊಟ್ಟಳು.

“ಕಾಯಿ ಊವ ಮುಟ್ಬೇಡ. ಉಸಿ ಊವ ಒಂದೂ ಬುಡ್ಬೇಡ ಮೊಗಾ. ಬುಟ್ರೆ ಬಳ್ಳಿ ಸತ್ವನೆಲ್ಲ ಅವೇ ಈರ್ಕಂಡ್ಬುಡ್ತವೆ. ದನುರ್ಮಾಸ ಬಂದ್ರೆ ಬೆನಕಪ್ಪಂಗೆ ಏಳು, ಮಿಕ್ಕುದ್ದು ಪಲ್ಯಕ್ಕೆ.”

ಒಂದೂ ಬಿಡಲಿಲ್ಲ. ಅಜ್ಜಿಗೆ ಎಟುಕುತ್ತಿದ್ದುದು ತಿಪ್ಪೆಯ ಸುತ್ತ ಇದ್ದ ಹೂಗಳಷ್ಟೇ. ನಾನು ಗೋಡೆ ಹತ್ತಿ ಹೆಂಚಿನ ಮೇಲೆ ಬೋರಲಾಗಿ ತೆವಳಿ, ಮಾಡಿನ ಆ ಬದಿಯಲ್ಲಿ ಅಡಗಿ ಕೂತದ್ದನ್ನೂ ಬಿಡದೆ ಕಿತ್ತು ತರುತ್ತಿದ್ದೆ. ಆ ಮುಂಜಾವುಗಳನ್ನು ಹೇಗೆ ಹೇಳಲಿ! ನಾಲೆಯ ಮೇಲಿನಿಂದ ಮಂಜು ಎದ್ದು ಬಂದು ಗದ್ದೆ, ಏರಿ, ಕೊಟ್ಟಿಗೆ ಎಲ್ಲವನ್ನೂ ನುಂಗಿರುತ್ತಿತ್ತು. ಹೆಂಚಿನ ಮೇಲೆ ಕೂತ ನನಗೆ ನನ್ನ ಕಾಲೇ ಕಾಣದು. ಆ ಬಿಳಿಯೊಳಗೆ ಹೂಗಳು ಮಾತ್ರ ಹಳದಿಯಾಗಿ ಕಾಣುತ್ತಿದ್ದವು. ಮೊಗ್ಗಿನ ಮುಂದೆ ಉಸಿರು ಬಿಗಿಹಿಡಿದು ಕೂತರೆ ಅದು ಬಿಚ್ಚುವುದು ಕಣ್ಣಿಗೇ ಕಾಣುತ್ತಿತ್ತು. ಒಂದು ಎಸಳು ಸಡಿಲಾಗಿ ಹಿಂದಕ್ಕೆ ಬಾಗುತ್ತದೆ, ಸ್ವಲ್ಪ ಹೊತ್ತು ಏನೂ ಇಲ್ಲ, ಆಮೇಲೆ ಇನ್ನೊಂದು. ಯಾರೂ ಮುಟ್ಟಿಲ್ಲ, ಗಾಳಿಯಿಲ್ಲ, ಆದರೂ ಅದು ತೆರೆದುಕೊಳ್ಳುತ್ತದೆ. ನೋಡಿ ನನಗೆ ಮೈ ಜುಮ್ಮೆನ್ನುತ್ತಿತ್ತು. ಹಾಗೆ ನೋಡಿ ಮುಗಿದ ತಕ್ಷಣ ಅದನ್ನು ಚಿವುಟಿ ಬುಟ್ಟಿಗೆ ಹಾಕುತ್ತಿದ್ದೆ.

ಕಾಯಿ ಹೂಗಳು ಬರತೊಡಗಿದವು. ಒಂದೊಂದು ಹೀಚನ್ನೂ ನಾನು ಗುರುತಿಟ್ಟುಕೊಂಡಿದ್ದೆ. ಹೂ ಅರಳಿದ ದಿನ ಹಸಿರಾಗಿ ಮಿರಮಿರ ಮಿಂಚುತ್ತಿದ್ದ ಹೀಚು ಮೂರನೇ ದಿನಕ್ಕೆ ತುದಿಯಲ್ಲಿ ಹಳದಿಯಾಗುತ್ತಿತ್ತು. ಹಳದಿ ಮೇಲಕ್ಕೆ ಹತ್ತುತ್ತಿತ್ತು, ಹೀಚು ಮೆತ್ತಗಾಗುತ್ತಿತ್ತು, ಐದನೇ ದಿನ ಉದುರಿ ಬೀಳುತ್ತಿತ್ತು. ಒಂದಾಯಿತು, ಎರಡಾಯಿತು, ಹತ್ತಾಯಿತು. ಬಳ್ಳಿ ಮಾತ್ರ ಸೊಂಪಾಗಿ ಕೊಬ್ಬಿಕೊಂಡಿತ್ತು. ಅಜ್ಜಿ ತನಗೆ ಗೊತ್ತಿದ್ದ ವೈದ್ಯವನ್ನೆಲ್ಲ ಮಾಡಿದಳು. ಬುಡಕ್ಕೆ ಬೂದಿ ಹಾಕಿಸಿದಳು, ಹೊಂಗೆ ಹಿಂಡಿ ಹಾಕಿಸಿದಳು, ಮೀನು ತೊಳೆದ ನೀರು ಹೊಯ್ಯಿಸಿದಳು. ಕುಡಿ ಚಿವುಟಿಸಿದಳು. ಬುಡದ ಕಾಂಡವನ್ನು ಸೀಳಿ ಹುಣಿಸೆ ಚಕ್ಕೆ ಇಡಿಸಿದಳು. ದೃಷ್ಟಿಗೆಂದು ಕರಿ ಮಡಕೆಗೆ ಸುಣ್ಣದ ಬೊಟ್ಟಿಟ್ಟು ಕವುಚಿ ನಿಲ್ಲಿಸಿ, ಅದರ ಪಕ್ಕ ಅಪ್ಪನ ಹಳೇ ಚಪ್ಪಲಿ ನೇತುಹಾಕಿದಳು. ಯಾವುದಕ್ಕೂ ಬಗ್ಗದಿದ್ದಾಗ ಬಳ್ಳಿಯನ್ನು ಹೆದರಿಸುವುದೆಂದು ತೀರ್ಮಾನವಾಯಿತು. ಒಂದು ಸೋಮವಾರ ಬೆಳಿಗ್ಗೆ ಅಪ್ಪನ ಕೈಗೆ ಕುಡುಗೋಲು ಕೊಟ್ಟು ತಿಪ್ಪೆಯ ಮುಂದೆ ನಿಲ್ಲಿಸಿ, ಅಜ್ಜಿ ಬಳ್ಳಿಗೆ ಕೇಳುವ ಹಾಗೆ ಜೋರಾಗಿ ಕೂಗಿದಳು.

“ಕಡ್ದಾಕ್ಬುಡ್ಲಾ ಇದ್ನ! ಗೊಬ್ರ ತಿನ್ಕಂಡು ಬರೀ ಎಲೆ ಬೆಳಸ್ಕಂಡು ಕೂತದೆ.”

ಬಳ್ಳಿಯ ಪರವಾಗಿ ಬೇಡಿಕೊಳ್ಳುವುದು ಅವ್ವನ ಪಾಲಿಗೆ ಬಂದಿತ್ತು. ಅವಳು ಸೆರಗಿನಲ್ಲಿ ನಗು ಮುಚ್ಚಿಕೊಂಡೇ ಅಂದಳು.

“ಬ್ಯಾಡಿ, ಬ್ಯಾಡಿ, ಪಾಪ. ಮುಂದ್ಲ ಅಮಾಸೆ ಒಳ್ಗೆ ಕಾಯ್ ಬುಡ್ತದಂತೆ, ಇದೊಂದ್ಸಲ ಬುಟ್ಬುಡಿ.”

ಅಪ್ಪ ಕುಡುಗೋಲು ಕೆಳಗಿಟ್ಟ. ನಾವೆಲ್ಲ ನಕ್ಕೆವು, ಅಜ್ಜಿ ನಗಲಿಲ್ಲ. ಮಾರನೇ ದಿನ ಇನ್ನೂ ಮೂರು ಹೀಚು ಉದುರಿದವು. ಆಗ ಅಜ್ಜಿ ನನ್ನನ್ನು ಕರೆದು ಎದುರಿಗೆ ಕೂರಿಸಿಕೊಂಡು, ಯಾರಾದರೂ ಹೀಚಿಗೆ ಬೊಟ್ಟು ಮಾಡಿ ತೋರಿಸಿದರೇ ಎಂದು ಕೇಳಿದಳು. ನಮ್ಮ ಕಡೆ ಎಳೇ ಹೀಚಿಗೆ ತೋರುಬೆರಳು ಚಾಚುವ ಹಾಗಿಲ್ಲ, ಚಾಚಿದರೆ ಅದು ಕೊಳೆತುಹೋಗುತ್ತದೆ. ತೋರಿಸಲೇಬೇಕಾದರೆ ಬೆರಳು ಮಡಚಿಕೊಂಡು ತೋರಿಸಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಹೆಂಚಿನ ಮೇಲೆ ಒಬ್ಬಳೇ ಕೂತಾಗ ನಾನು ದಿನಾ ಬೆರಳು ಚಾಚಿ ಒಂದು, ಎರಡು, ಮೂರು ಎಂದು ಹೀಚುಗಳನ್ನು ಎಣಿಸುತ್ತಿದ್ದೆ. ಅಳುತ್ತ ಒಪ್ಪಿಕೊಂಡೆ. ಅಜ್ಜಿ ಬೈಯಲಿಲ್ಲ. ಬೆರಳು ಕಚ್ಚಿಕೊಳ್ಳಲು ಹೇಳಿದಳು. ಹಲ್ಲಿನ ಗುರುತು ಮೂಡುವಷ್ಟು ಕಚ್ಚಿಕೊಂಡೆ. ಅವತ್ತಿನಿಂದ ಎಣಿಸುವುದನ್ನು ಬಿಟ್ಟೆ, ಹೀಚಿನ ಕಡೆ ತಿರುಗಿಯೂ ನೋಡದೆ ಹುಸಿ ಹೂ ಮಾತ್ರ ಕಿತ್ತುಕೊಂಡು ಇಳಿದುಬರುತ್ತಿದ್ದೆ. ಹೀಚುಗಳು ಆಗಲೂ ಉದುರಿದವು.

ಆ ಹೊತ್ತಿಗೆ ನಮ್ಮ ಚಿಕ್ಕತ್ತೆ, ಅಪ್ಪನ ತಂಗಿ, ಹೆರಿಗೆಗೆ ಬಂದು ಕಿಟಕಿಯಿಲ್ಲದ ಕೋಣೆಯಲ್ಲಿ ಹೆಣ್ಣುಮಗು ಹೆತ್ತಿದ್ದಳು. ಮಗುವಿಗೆ ಎರಡು ದಿನ. ಬೆಳ್ಳುಳ್ಳಿ, ಸಾಂಬ್ರಾಣಿ, ಹರಳೆಣ್ಣೆಯ ವಾಸನೆ ತುಂಬಿದ ಆ ಕತ್ತಲೆಯಲ್ಲಿ ಬಟ್ಟೆಯ ಸುರುಳಿಯೊಳಗಿಂದ ಒಂದು ಮುಖ ಮಾತ್ರ ಕಾಣುತ್ತಿತ್ತು. ಮಗುವಿನ ಗಲ್ಲದ ಗುಳಿಗೆ ಬೆರಳಿಟ್ಟು ನಾನು ಎಷ್ಟೋ ಹೊತ್ತು ಕೂತಿದ್ದೆ. ಅಂದು ಮಧ್ಯಾಹ್ನ ಶಾಲೆಯಿಂದ ಊಟಕ್ಕೆ ಬಂದವಳು ನೀರು ಕುಡಿಯಲು ನಡುಮನೆಯಲ್ಲಿ ನಿಂತಾಗ ಕೋಣೆಯೊಳಗಿಂದ ಅಜ್ಜಿಯ ಮಾತು ಕೇಳಿಸಿತು. ಚಿಕ್ಕತ್ತೆಗೆ ಹೇಳುತ್ತಿದ್ದಳು.

“ಬೊಟ್ಟು ಮಾಡುದ್ದು ಬುಟ್ಟು ಎಂಟ್ ದಿನ ಆಯ್ತು, ಆದ್ರೂ ಒಂದೂ ನಿಲ್ನಿಲ್ಲ. ಓದ್ ವರ್ಸ ನಾನ್ ಕೀಳೂವಾಗ ಬುಟ್ಟಿತ್ತು ತಾನೆ? ಈ ಮೊಗುನ್ ಕೈಗುಣವೇ ಸರ್ಯಾಗಿಲ್ಲ ಕನವ್ವ. ಯಾರ್ಗೂ ಏಳ್ಬೇಡ.”

“ಅಂಗಾರೆ ಊವ ಯಾಕ್ ಕೀಳಿಸ್ತಿಯೆ ಅವಳ ಕೈಲಿ?”

“ಉಸಿ ಊವ್ಗೇನಾಗದೆ? ಕಿತ್ಕಳ್ಳಿ ಬುಡು.”

ಕೈಗುಣ. ಡಾಕ್ಟರಿಗೆ ಕೈಗುಣ ಇರುತ್ತದೆ, ಬೀಜ ಊರುವವರಿಗೆ ಇರುತ್ತದೆ, ಮೊಸರಿಗೆ ಹೆಪ್ಪು ಹಾಕುವವರಿಗೆ ಇರುತ್ತದೆ. ಅದು ಒಳ್ಳೆಯದಿದ್ದರೆ ಊರೆಲ್ಲ ಕರೆಯುತ್ತಾರೆ. ಕೆಟ್ಟದ್ದಾದರೆ ಏನು ಮಾಡಬೇಕೆಂದು ನನಗೆ ಯಾರೂ ಹೇಳಿರಲಿಲ್ಲ. ಮಾಡಿದ ತಪ್ಪಾದರೆ ಮತ್ತೆ ಮಾಡದೆ ಇರಬಹುದು. ಕೈಯನ್ನು ಎಲ್ಲಿ ಬಿಟ್ಟು ಬರುವುದು? ಅಜ್ಜಿಯ ದನಿಯಲ್ಲಿ ಸಿಟ್ಟಿದ್ದಿದ್ದರೆ ನಾನು ಜಗಳಕ್ಕೆ ನಿಲ್ಲುತ್ತಿದ್ದೆ, ಅಷ್ಟು ಬಾಯಿ ನನಗಿತ್ತು. ಅವಳ ದನಿಯಲ್ಲಿ ಇದ್ದದ್ದು ಮರುಕ. ನೀರಿನ ಲೋಟವನ್ನು ಸದ್ದಾಗದ ಹಾಗೆ ಕೆಳಗಿಟ್ಟು ಶಾಲೆಗೆ ವಾಪಸಾದೆ.

ಮಾರನೇ ದಿನ ಬೆಳಿಗ್ಗೆ ಮಗುವನ್ನು ಎಣ್ಣೆ ಹಚ್ಚಲು ಬೆಳಕಿಗೆ ತಂದಾಗ ಅವ್ವ ಅದರ ರೆಪ್ಪೆ ಬಿಡಿಸಿ ನೋಡಿ, ಕಣ್ಣು ಹಳದಿಯಾಗಿದೆ ಎಂದಳು. ಮುಖವೂ ಹಳದಿ. ಸಂಜೆಯ ಹೊತ್ತಿಗೆ ಎದೆಯ ತನಕ ಹಳದಿ ಇಳಿದಿತ್ತು. ತುದಿಯಲ್ಲಿ ಶುರುವಾಗಿ ಮೈಯೆಲ್ಲ ಹರಡುವ ಹಳದಿಯನ್ನು ನಾನು ಎಷ್ಟೋ ಸಲ ನೋಡಿದ್ದೆ. ಅದರ ಮುಂದೆ ಏನಾಗುತ್ತದೆಂದು ಆ ಮನೆಯಲ್ಲಿ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ ಕಾರು ಗೊತ್ತು ಮಾಡಿ ಚಿಕ್ಕತ್ತೆಯನ್ನೂ ಮಗುವನ್ನೂ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ನಾನು ಕೊಟ್ಟಿಗೆಯ ಹಿಂದೆ ಹೋಗಿ ಬಲಗೈಗೆ ಹಳೇ ಪಂಚೆಯ ಚೂರು ಸುತ್ತಿಕೊಂಡು ಗಂಟು ಹಾಕಿದೆ. ಕೇಳಿದವರಿಗೆ ಗಾಯ ಎಂದೆ. ಊಟಕ್ಕೆ ಕೂತರೆ ತಟ್ಟೆ ಮುಟ್ಟಲು ಹೆದರಿಕೆ, ಕರುವಿನ ಹತ್ತಿರ ಹೋಗಲು ಹೆದರಿಕೆ. ಎರಡು ದಿನ ಹೀಗೇ ಹೋಯಿತು. ಜ್ವರವೂ ಬಂತು. ಮಗುವಿನ ಮೇಲೆ ನನಗೆ ಹೊಟ್ಟೆಕಿಚ್ಚೆಂದು ಅವ್ವ ತಿಳಿದಳು. ಎಲ್ಲರ ಗಮನವೂ ಆಸ್ಪತ್ರೆಯ ಕಡೆ ಇರುವಾಗ ನನ್ನನ್ನು ಸ್ವಲ್ಪ ದಿನ ಬೇರೆ ಕಡೆ ಬಿಟ್ಟರೆ ಸರಿಹೋದೇನೆಂದು, ನಂಜನಗೂಡಿನಲ್ಲಿ ಬಸ್ಸು ಬದಲಾಯಿಸಿ ನರಸೀಪುರದ ಪಕ್ಕದ ತನ್ನ ಅಕ್ಕನ ಊರಿಗೆ ಕರೆದುಕೊಂಡು ಹೋಗಿ ಬಿಟ್ಟುಬಂದಳು. ಅಕ್ಕನಿಗೆ ಅವಳು ಹೇಳಿದ್ದು ಒಂದೇ ಮಾತು.

“ಕೈಗೆ ಏನೋ ಸುತ್ಕಂಡವಳೆ, ಬಿಚ್ಚಕ್ಕೂ ಬುಡಲ್ಲ. ನೀನೇ ಕೇಳು, ನಿಂಗಾದ್ರೂ ಏಳ್ತಾಳೇನೋ.”

ದೊಡ್ಡವ್ವ ಕೇಳಲಿಲ್ಲ. ಅವಳು ಒಂದಕ್ಷರ ಓದದ, ಎತ್ತರದ, ಮಾತಿಗೆ ಮೊದಲು ನಗುವ ಹೆಂಗಸು. ಹೊಳೆಯ ದಂಡೆಯ ಮೆಕ್ಕಲು ಮಣ್ಣಿನಲ್ಲಿ ಅವಳದೊಂದು ತುಂಡು ಹೊಲ, ಅದರ ತುಂಬ ಕುಂಬಳ. ಮಾರನೇ ಬೆಳಿಗ್ಗೆ ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದಳು. ಬದುವಿನ ಮೇಲೆ ನಿಂತವಳು ನಾನು ಒಳಗೆ ಕಾಲಿಡಲಿಲ್ಲ. ಎಲ್ಲಿ ನೋಡಿದರೂ ಕಾಯಿ. ಎಲೆಯ ಮರೆಯಲ್ಲಿ, ಮರಳಿನ ಮೇಲೆ, ಮಂಜಿನಲ್ಲಿ ನೆನೆದು, ಮಗುವಿನ ತಲೆಯಷ್ಟು, ಕೊಡದಷ್ಟು. ಅಷ್ಟೆಲ್ಲ ಕಾಯಿ ಒಂದೇ ಕಡೆ ನಾನು ನೋಡಿರಲಿಲ್ಲ. ಹೊಳೆಯ ಕಡೆಯಿಂದ ಬಿಸಿಲು ಬಿದ್ದಾಗ ಹೊಲಕ್ಕೆ ಹೊಲವೇ ಉಸಿರಾಡುತ್ತಿರುವ ಹಾಗೆ ಕಂಡು ನಾನು ಸುತ್ತಿದ ಕೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ದೊಡ್ಡವ್ವ ಒಂದು ಹುಸಿ ಹೂ ಕಿತ್ತಳು. ಅದರ ಎಸಳನ್ನೆಲ್ಲ ಸುಲಿದು ಬಿಸಾಡಿ, ನಡುವಿನ ಹಳದಿ ಕಡ್ಡಿಯನ್ನು ಮಾತ್ರ ಉಳಿಸಿಕೊಂಡು, ಅರಳಿದ ಕಾಯಿ ಹೂವಿನ ಒಳಕ್ಕೆ ಮೆಲ್ಲಗೆ ಮುಟ್ಟಿಸಿ ಸುತ್ತ ತಿರುಗಿಸಿದಳು. ಆಮೇಲೆ ಆ ಹೂವಿನ ಬಾಯಿಯನ್ನು ಬಾಳೆನಾರಿನಿಂದ ಕಟ್ಟಿದಳು.

“ಬಾ ಇಲ್ಲಿ. ಆ ಕಡೆ ಸಾಲ್ನ ನೀನ್ ಮುಟ್ಸು. ನಂಗೊಬ್ಳಿಗೇ ಆಗಕಿಲ್ಲ.”

“ನಾ ಮುಟ್ಟಲ್ಲ ದೊಡ್ಡವ್ವ. ನಾ ಮುಟ್ಟುದ್ರೆ ಎಲ್ಲಾ ಸತ್ತೋಯ್ತವೆ.”

ಬಾಯಿ ಬಿಟ್ಟ ಮೇಲೆ ತಡೆಯಲಾಗಲಿಲ್ಲ. ಬೊಟ್ಟು ಮಾಡಿದ್ದು, ಕೈಗುಣ, ಗಲ್ಲದ ಗುಳಿ, ಕಣ್ಣಿನ ಹಳದಿ, ಎಲ್ಲವನ್ನೂ ಬದುವಿನ ಮೇಲೆ ಕೂತು ಬಿಕ್ಕುತ್ತ ಹೇಳಿದೆ. ಮಗು ಸತ್ತರೆ ಅದು ನನ್ನಿಂದಲೇ ಎಂದೂ ಹೇಳಿದೆ. ದೊಡ್ಡವ್ವ ಅದೆಲ್ಲ ಸುಳ್ಳೆಂದು ಹೇಳಲಿಲ್ಲ, ತಲೆಯನ್ನೂ ಸವರಲಿಲ್ಲ. ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಕಳೆದುಹೋದ ಸಾಮಾನಿನ ಬಗ್ಗೆ ವಿಚಾರಿಸುವವಳ ಹಾಗೆ ಕೇಳಿದಳು.

“ದಿನಾ ಎಷ್ಟ್ ಉಸಿ ಊವ ಕೀಳ್ತಿದ್ದೆ?”

“ಎಲ್ಲಾನೂ.”

“ಎಲ್ಲಾನೂ ಅಂದ್ರೆ? ಎಂಚಿನ್ ಮೇಲವೂ?”

“ಊಂ. ಒಂದೂ ಬುಡ್ತಿರ್ನಿಲ್ಲ. ಒತ್ತುಟ್ಟಕ್ ಮುಂಚೆನೇ.”

ದೊಡ್ಡವ್ವ ನಕ್ಕಳು. ಎಷ್ಟು ನಕ್ಕಳೆಂದರೆ ಅವಳು ಮರಳಿನ ಮೇಲೆ ಹಿಂದಕ್ಕೆ ಕೂತುಬಿಟ್ಟಳು.

“ಅಯ್ಯೋ ಕಳ್ಳಿ! ಅಂಗಾರೆ ನಿಮ್ಮಜ್ಜಿ ಏಳಿದ್ದು ಸರ್ಯಾಗೇ ಅದೆ, ನಿನ್ ಕೈಯೇ ಕನೇ ಮಾಡಿರೋದು. ಅದು ಉಸಿ ಅಂತ ಯಾರಂದೋರು? ಅದು ಗಂಡೂವು. ಅದರ ಪುಡಿನ ಜೇನು ಒತ್ಕಂಡೋಗಿ ಎಣ್ಣೂವ್ಗೆ ಮುಟ್ಸುದ್ರೆ ತಾನೆ ಕಾಯಿ ನಿಲ್ಲೋದು? ನೀನು ಒಂದೂ ಬುಡ್ದಂಗೆ ಕಿತ್ತು ಬೆನಕಪ್ಪನ ತಲೆಗಿಕ್ಕುದ್ರೆ ಜೇನು ಏನ್ನ ತಂದಾತು?”

ಅಜ್ಜಿಯ ಮಾತೂ ಸರಿ, ನನ್ನ ಕೈಯೂ ಕೆಟ್ಟದ್ದಲ್ಲ, ಈ ಎರಡೂ ಒಟ್ಟಿಗೆ ನಿಜವಾಗಬಲ್ಲವು ಎಂಬುದನ್ನು ನುಂಗಿಕೊಳ್ಳಲು ನನಗೆ ಹೊತ್ತು ಹಿಡಿಯಿತು. ಇದು ನಿನಗೆ ಹೇಗೆ ಗೊತ್ತೆಂದು ಕೇಳಿದೆ. ಹಿಂದೊಂದು ವರ್ಷ ಪಕ್ಕದ ಗದ್ದೆಗಳಿಗೆ ಔಷಧಿ ಹೊಡೆದು ಜೇನು ಬರುವುದೇ ನಿಂತು, ಅವಳ ಹೊಲದಲ್ಲೂ ಕಾಯಿ ನಿಲ್ಲಲಿಲ್ಲವಂತೆ. ಆಗ ಅವಳು ಬೇರೆ ಕೆಲಸ ಬಿಟ್ಟು ದಿನಾ ಬೆಳಿಗ್ಗೆ ಬಂದು ಸುಮ್ಮನೆ ಕೂತು ಹೂಗಳನ್ನು ನೋಡಿದಳಂತೆ. ಅಪರೂಪಕ್ಕೆ ಒಂದು ಜೇನು ಬಂದರೆ ಅದು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಅದರ ಹಿಂದೆಯೇ ನಡೆದಳಂತೆ. ಹೈಸ್ಕೂಲಿನಲ್ಲಿ ಮುಂದೆ ನಾನು ಪರಾಗಸ್ಪರ್ಶದ ಪಾಠ ಓದಿದೆ, ಚಿತ್ರ ಬರೆದು ಹತ್ತಕ್ಕೆ ಹತ್ತು ಅಂಕವನ್ನೂ ತೆಗೆದುಕೊಂಡೆ. ಆದರೆ ಒಂದು ಹುಳುವಿನ ಹಿಂದೆ ಹೊಲವೆಲ್ಲ ನಡೆದ ಆ ಹೆಂಗಸನ್ನು ನೆನೆದಾಗ ಆಗುವ ಬೆರಗು ನನಗೆ ಯಾವ ಪುಸ್ತಕದಿಂದಲೂ ಆಗಿಲ್ಲ.

ನನ್ನ ಹೆದರಿಕೆ ಪೂರಾ ಹೋಗಿಲ್ಲವೆಂದು ಅವಳಿಗೆ ಗೊತ್ತಿತ್ತು. ಆ ದಿನ ಅರಳಿದ್ದ ನಾಲ್ಕು ಕಾಯಿ ಹೂಗಳ ಪಕ್ಕ ಕಡ್ಡಿ ನೆಟ್ಟಳು. ನನ್ನ ಕೈಯ ಗಂಟು ತಾನೇ ಬಿಚ್ಚಿದಳು.

“ಈ ಎರಡ್ಕೆ ಮುಟ್ಸು. ಮುಟ್ಸುಬುಟ್ಟು ಬೊಟ್ಟೂ ಮಾಡು, ಚೆನ್ನಾಗ್ ಮಾಡು. ಆ ಎರಡ್ಕೆ ಏನೂ ಮುಟ್ಟಿಸ್ಬೇಡ, ಬೊಟ್ಟೂ ಮಾಡ್ಬೇಡ, ಜೇನು ಓಗ್ದಂಗೆ ಬಾಯ್ ಕಟ್ಟು. ನೋಡಾವ, ಯಾವ್ದು ಸಾಯ್ತದೆ ಅಂತ.”

ಹಳದಿ ಹುಡಿ ಬೆರಳಿಗೆಲ್ಲ ಹತ್ತಿತು. ಮೊದಲೆರಡು ಹೂವಿಗೆ ಮುಟ್ಟಿಸಿ, ಕಣ್ಣು ಮುಚ್ಚಿಕೊಂಡು ಬೆರಳು ಚಾಚಿದೆ. ಆಮೇಲಿನ ಐದು ದಿನ ಹೊಲ ಬಿಟ್ಟು ಕದಲಲಿಲ್ಲ. ಮೂರನೇ ದಿನ, ಬೊಟ್ಟು ಮಾಡದ ಎರಡು ಹೀಚುಗಳ ತುದಿಗೆ ಹಳದಿ ಬಂತು. ಬೊಟ್ಟು ಮಾಡಿದ ಎರಡು ಹಸಿರಾಗೇ ಇದ್ದವು. ಐದನೇ ದಿನ ಬೆಳಿಗ್ಗೆ ಓಡಿ ಹೋಗಿ ನೋಡಿದರೆ ಆ ಎರಡು ಉದುರಿ ಬಿದ್ದಿದ್ದವು. ಈ ಎರಡು ಕೋಳಿಮೊಟ್ಟೆಗಿಂತ ದೊಡ್ಡದಾಗಿ, ಭಾರಕ್ಕೆ ತೊಟ್ಟು ಬಾಗಿ ಮಣ್ಣಿಗೆ ತಲೆಯಿಟ್ಟಿದ್ದವು. ಮೈಮೇಲೆ ಸಣ್ಣ ನುಣುಪು ಕೂದಲು, ಅದರ ತುದಿಯಲ್ಲಿ ಇಬ್ಬನಿ. ನಾನು ಪಕ್ಕದಲ್ಲಿ ಮಲಗಿ ಕಿವಿ ಕೊಟ್ಟೆ, ಬೆಳೆಯುವ ಸದ್ದು ಕೇಳೀತೆಂದು. ನಗಬೇಡಿ, ಏನೋ ಕೇಳಿಸಿತೆಂದೇ ನಾನು ಇವತ್ತಿಗೂ ಅನ್ನುತ್ತೇನೆ. ಅಂದು ಮಧ್ಯಾಹ್ನ ಅವ್ವ ಬಂದಳು. ಮಗುವನ್ನು ಆಸ್ಪತ್ರೆಯಲ್ಲಿ ನೀಲಿ ದೀಪದ ಕೆಳಗೆ ಮಲಗಿಸಿ ವಾಸಿ ಮಾಡಿ ಕಳಿಸಿದ್ದರು. ಹುಟ್ಟಿದ ಎಷ್ಟೋ ಮಕ್ಕಳಿಗೆ ಹಾಗಾಗುವುದೇ ಎಂದು ಡಾಕ್ಟರು ಹೇಳಿದ್ದರಂತೆ. ನಾನು ದಾರಿಯುದ್ದಕ್ಕೂ ಅವ್ವನ ಕೈ ಹಿಡಿದುಕೊಂಡಿದ್ದೆ, ಬಲಗೈಯಿಂದಲೇ.

ಮನೆಗೆ ಬಂದು ಮಗುವನ್ನು ಮಡಿಲಿಗೆ ಹಾಕಿಸಿಕೊಂಡೆ. ಆಮೇಲೆ ಜಗಲಿಗೆ ಬಂದು, ತಡಬಡಿಸುತ್ತ, ಗಂಡು ಹೂ, ಹೆಣ್ಣು ಹೂ, ಜೇನು, ನಾಲ್ಕು ಕಡ್ಡಿ, ಎಲ್ಲವನ್ನೂ ಅಜ್ಜಿಗೆ ಹೇಳಿದೆ. ಮೆಚ್ಚಿ ಕುಣಿಯುತ್ತಾಳೆ ಎಂದುಕೊಂಡಿದ್ದೆ. ಅಜ್ಜಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದವಳು ಕೈ ನಿಲ್ಲಿಸಿ, ಸುಣ್ಣ ಹಚ್ಚಿದ ಎಲೆಯನ್ನು ಹಾಗೇ ಹಿಡಿದುಕೊಂಡು ಕೂತಳು. ಆಮೇಲೆ ಒಂದೇ ಪ್ರಶ್ನೆ ಕೇಳಿದಳು.

“ಎಲ್ಲಾ ಊವನೂ ಕಿತ್ಬುಟ್ರೆ, ಯಾರ್ ಕಿತ್ರೂ ಇಂಗೇ ಆಯ್ತದಾ? ಯಾರ್ ಕೈಯಾದ್ರೂವೆ?”

“ಯಾರ್ ಕೈಯಾದ್ರೂವೆ ಅಜ್ಜಿ.”

ಅಜ್ಜಿ ಎಲೆಯನ್ನು ತಟ್ಟೆಗೆ ಹಾಕಿ ಒಳಗೆ ಹೋದಳು. ಮಾರನೇ ಬೆಳಿಗ್ಗೆ ನಾನು ಬುಟ್ಟಿ ಹಿಡಿದು ಹೊರಟರೆ ಅವಳು ಕೋಲೂರಿಕೊಂಡು ಆಗಲೇ ತಿಪ್ಪೆಯ ಹತ್ತಿರ ನಿಂತಿದ್ದಳು. ಏಳು ಬೆನಕಪ್ಪರೂ ಹೂವಿಲ್ಲದೆ ಬರಿ ಗರಿಕೆಯಲ್ಲಿ ಕೂತಿದ್ದರು. ಇನ್ನು ಮುಂದೆ ಹೊತ್ತು ಹುಟ್ಟಿದ ಮೇಲೆ, ಹೂಗಳ ಕೆಲಸ ಮುಗಿದ ಮೇಲೆ ಮುಡಿದುಕೊಳ್ಳಲಿ, ಬೆನಕಪ್ಪನಿಗೇನು ಅವಸರ ಎಂದಳು. ಧನುರ್ಮಾಸದ ಪೂಜೆಯನ್ನು ಬಿಸಿಲಿಗೆ ಬಿಟ್ಟುಕೊಟ್ಟ ಅಜ್ಜಿಯನ್ನು ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ತಿಪ್ಪೆಯ ಅಂಚಿನಲ್ಲಿ, ಕೈಗೆಟಕುವ ಹಾಗೆ, ಎರಡು ಕಾಯಿ ಹೂ ಅರಳಿದ್ದವು. ನಾನು ಒಂದು ಗಂಡು ಹೂ ಕಿತ್ತು ಎಸಳು ಸುಲಿದು ಒಂದಕ್ಕೆ ಮುಟ್ಟಿಸಿ ತೋರಿಸಿದೆ. ಇನ್ನೊಂದಕ್ಕೆ ಹೋಗುವಾಗ ಅಜ್ಜಿ ನನ್ನ ರಟ್ಟೆ ಹಿಡಿದಳು.

“ಮೊಗಾ, ನಾನು ಮುಟ್ಸ್‌ಬೋದಾ?”

ಅಜ್ಜಿ ಆ ಮನೆಯ ಯಜಮಾನಿ. ಅಪ್ಪನಿಗೆ ಕುಡುಗೋಲು ಹಿಡಿಸಿ ನಿಲ್ಲಿಸಿದವಳು. ಅವಳು ನನ್ನ ಅಪ್ಪಣೆ ಕೇಳುತ್ತಿದ್ದಳು. ನಾನು ಹೂವನ್ನು ಅವಳ ಕೈಗಿಟ್ಟೆ. ಅವಳು ತಕ್ಷಣ ಬಗ್ಗಲಿಲ್ಲ. ಹೂವನ್ನು ನೋಡುತ್ತ, ನನಗೆ ಹೇಳುತ್ತಿದ್ದಾಳೋ ಹೂವಿಗೋ ಎಂಬ ಹಾಗೆ ಹೇಳಿದಳು.

“ನಾ ಈ ಮನ್ಗೆ ಮದ್ವೆಯಾಗಿ ಬಂದ್ ವರ್ಸ ನಮ್ಮತ್ತೆ ಬುಟ್ಟಿ ಕೊಟ್ಳು. ನಂಗೂ ಆಗ ಕಾಲ್ ಚೆನ್ನಾಗಿದ್ದೊ, ನಿನ್ನಂಗೇ ಎಂಚಿನ್ ಮೇಲೆಲ್ಲ ಅತ್ತಿ ಒಂದೂ ಬುಡ್ದಂಗೆ ಕಿತ್ಕಂಡ್ ಬತ್ತಿದ್ದೆ. ಆ ವರ್ಸ ಒಂದ್ ಕಾಯೂ ನಿಲ್ನಿಲ್ಲ. ನಿನ್ ಕೈಗುಣ ಸರ್ಯಾಗಿಲ್ಲ ಅಂದ್ಬುಟ್ಳು ನಮ್ಮತ್ತೆ. ಅವತ್ತಿಂದ ಈ ಮನೇಲಿ ಒಂದ್ ಬೀಜ ಊರ್ಲಿಲ್ಲ ಕನವ್ವ ನಾನು. ಒಂದ್ ಪೈರ್ ನೆಡ್ಲಿಲ್ಲ. ಮೊದ್ಲ ಮೂರ್ ಮಕ್ಳು ಕೈಗೆ ಸಿಗ್ದಂಗೆ ಓದೊ. ನನ್ ಕೈಯೇ ಅಂತ ಅನ್ಕಂಡಿದ್ದೆ.”

ನಾನು ಮೂರು ವಾರ ಹೊತ್ತದ್ದನ್ನು ಅವಳು ಆಯಸ್ಸಿಡೀ ಹೊತ್ತಿದ್ದಳು, ಯಾರಿಗೂ ಹೇಳದೆ. ಕೋಣೆಯೊಳಗಿಂದ ಕೇಳಿದ ಆ ಮರುಕ ನನ್ನೊಬ್ಬಳ ಮೇಲಿನದಾಗಿರಲಿಲ್ಲ. ಅಜ್ಜಿ ಕೋಲನ್ನು ನನಗೆ ಕೊಟ್ಟು, ನೋವಿಗೆ ಹಲ್ಲು ಕಚ್ಚಿ ಒಂದು ಮಂಡಿಯೂರಿ, ಗಂಡು ಹೂವಿನ ಕಡ್ಡಿಯನ್ನು ಕಾಯಿ ಹೂವಿನೊಳಗೆ ಇಟ್ಟಳು. ಹುಡಿ ಹತ್ತುವಷ್ಟು ತಿರುಗಿಸು ಎಂದೆ. ತಿರುಗಿಸಿದಳು. ಬಾಳೆನಾರಿನಿಂದ ಎರಡರ ಬಾಯಿಯನ್ನೂ ನಾನೇ ಕಟ್ಟಿದೆ.

ಐದನೇ ದಿನ ಇಬ್ಬರೂ ಒಟ್ಟಿಗೆ ಹೋಗಿ ನೋಡಿದೆವು. ನಾನು ಮುಟ್ಟಿಸಿದ್ದು ಯಾಕೋ ಹಳದಿಯಾಗಿ ಉದುರಿತ್ತು. ಅಜ್ಜಿಯದು ನಿಂತಿತ್ತು. ಅವಳು ಅದನ್ನು ನೋಡಿ, ನನ್ನ ಮುಖ ನೋಡಿ, ನಾನು ಅಳುತ್ತೇನೇನೋ ಎಂದು ಹೆದರಿ, ಒಂದೊಂದು ಹಾಗೆ ಬಿದ್ದುಹೋಗುತ್ತದೆ ಬಿಡು, ಅದಕ್ಕೆಲ್ಲ ಕೈ ಏನು ಮಾಡುತ್ತದೆ ಎಂದು ಸಮಾಧಾನ ಹೇಳತೊಡಗಿದಳು. ನಾನು ಅಳುತ್ತಿರಲಿಲ್ಲ. ನನಗೆ ಆದಷ್ಟು ಸಂತೋಷ ಆ ಮನೆಯಲ್ಲಿ ಇನ್ನೆಂದೂ ಆದ ನೆನಪಿಲ್ಲ.